ದನಿಯನ್ನು ಯಾವ ಮನೆಯಲ್ಲಿಡುವುದು

ನಮ್ಮ ಬಾಲ್ಕನಿಗೆ ಪಾರಿವಾಳಗಳ ಕಾಟ ವಿಪರೀತವಾದಾಗ ನನ್ನ ಹೆಂಡತಿ ಮನೆಯಲ್ಲಿದ್ದ ಹಳೆಯ ಸಿ.ಡಿ.ಗಳನ್ನೆಲ್ಲ ದಾರಕ್ಕೆ ಪೋಣಿಸಿ ಬಟ್ಟೆ ಒಣಹಾಕುವ ತಂತಿಗೆ ಇಳಿಬಿಟ್ಟಳು. ಬಿಸಿಲಿಗೆ ಅವು ಮಿನುಗಿದರೆ ಪಾರಿವಾಳಗಳು ಹೆದರುತ್ತವೆಂದು ಬಸವನಗುಡಿಯಲ್ಲಿ ಒಂದು ನಂಬಿಕೆ. ಈ ನಂಬಿಕೆಯ ವಿಷಯವನ್ನು ಪಾರಿವಾಳಗಳಿಗೆ ಯಾರೂ ತಿಳಿಸಿದಂತಿಲ್ಲ. ಅವು ಬಂದು, ಸಿ.ಡಿ.ಯಲ್ಲಿ ಮುಖ ನೋಡಿಕೊಂಡು, ಕತ್ತು ಕೊಂಕಿಸಿ, ಎಂದಿನಂತೆ ತಮ್ಮ ಕೆಲಸ ಮುಗಿಸಿ ಹೋಗುತ್ತವೆ. ಮೊನ್ನೆ ಕಾಫಿ ಲೋಟ ಹಿಡಿದು ಅಲ್ಲಿ ನಿಂತಿದ್ದಾಗ ಗಾಳಿಗೆ ಒಂದು ಸಿ.ಡಿ. ನನ್ನ ಕಡೆ ತಿರುಗಿತು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ, ನನ್ನ ಬಾಲ್ಯದ ಗೆಳೆಯ ಸತೀಶನ ಕಾಗೆಕಾಲಿನ ಅಕ್ಷರದಲ್ಲಿ, "ತಂಬೂರಿ, ಗಂಟೆ, ಕೊಳಲು, ಚರ್ಚು" ಎಂದು ಬರೆದಿತ್ತು.

ಈ ನಾಲ್ಕು ಒಂದೇ ತಟ್ಟೆಯಲ್ಲಿ ಹೇಗೆ ಕೂತವೆಂದು ನಿಮಗೆ ಆಶ್ಚರ್ಯವಾದರೆ ತಪ್ಪಿಲ್ಲ. ನನ್ನ ಹೆಂಡತಿಗೂ ಆಯಿತು. "ಚರ್ಚನ್ನ ಸಿ.ಡಿ. ಒಳಗೆ ಹೇಗ್ರೀ ತುಂಬಿದ್ರು?" ಎಂದಳು. ಅದನ್ನು ವಿವರಿಸಬೇಕೆಂದರೆ ವಿಮಲಾ ಮಿಸ್ಸಿನ ಗಂಟಲಿನಿಂದ ಆರಂಭಿಸಬೇಕು.

ವಿಮಲಾ ಮಿಸ್ ನನಗೂ ಸತೀಶನಿಗೂ ಚಾಮರಾಜಪೇಟೆಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿಸಿದವರು. ಕಲಿಸಿದರು ಎನ್ನುವುದಕ್ಕಿಂತ ಹಾಡಿದರು ಎನ್ನುವುದು ಸರಿ. ಮಗ್ಗಿಯಿಂದ ಹಿಡಿದು ಉಗುರು ಕತ್ತರಿಸುವ ಮಹತ್ವದವರೆಗೆ ಅವರಲ್ಲಿ ಎಲ್ಲದಕ್ಕೂ ಒಂದು ಹಾಡಿತ್ತು, ಎಲ್ಲ ಹಾಡೂ ಅವರೇ ಕಟ್ಟಿದ್ದು. "ಅಕ್ಕನ ಕಾಲಿಗೆ ಕಾ ಒತ್ತು, ಅಣ್ಣನ ಕಾಲಿಗೆ ಣಾ ಒತ್ತು" ಎಂದು ಅವರು ಒಂದು ಸಾಲು ಹೇಳಿಕೊಟ್ಟರೆ ನಾವು ಹಿಂದಿನಿಂದ ಅದೇ ಸಾಲನ್ನು ಸೂರು ಹಾರಿಹೋಗುವಂತೆ ಕೂಗುತ್ತಿದ್ದೆವು. ಇಂದಿಗೂ 'ಅಣ್ಣ' ಎಂದು ಬರೆಯುವಾಗ ನನ್ನ ಪೆನ್ನು ಕ್ಷಣಮಾತ್ರ ತಾಳ ಹಾಕುತ್ತದೆ.

ಶಾಲೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಅದರ ಒಂದು ಮನೆ ಒತ್ತದಿದ್ದರೂ ಕೂಗುತ್ತಿತ್ತು. ಹಾರ್ಮೋನಿಯಮ್ಮಿನ ಪಟ್ಟಿಗೆ ನಮ್ಮಲ್ಲಿ 'ಮನೆ' ಎನ್ನುತ್ತಾರೆ. ಆದ್ದರಿಂದ ಹಾಡುವವರ ಶ್ರುತಿಯ ಎತ್ತರವನ್ನೂ ಮನೆಗಳ ಲೆಕ್ಕದಲ್ಲಿಯೇ ಹೇಳುವುದು ರೂಢಿ. ಇವರದು ಒಂದೂವರೆ ಮನೆ, ಅವರದು ಐದು ಮನೆ, ಹೀಗೆ. ಸೈಟು ಸಿಗದೆ ಒದ್ದಾಡುವ ಈ ಊರಿನಲ್ಲಿ ಪ್ರತಿಯೊಬ್ಬ ಹಾಡುಗಾರನಿಗೂ ಹುಟ್ಟಿನಿಂದಲೇ ಒಂದು ಸ್ವಂತ ಮನೆಯಿದೆ ಎಂಬ ವಿಚಾರ ನನಗೆ ಯಾವಾಗಲೂ ಸಮಾಧಾನ ಕೊಟ್ಟಿದೆ. ಕರೆಯದೆ ಕೂಗುವ ಆ ಮನೆಯನ್ನು ಮಿಸ್ "ಕಾಗದ ಹಾಕದೇ ಬರೋ ನೆಂಟ" ಎನ್ನುತ್ತಿದ್ದರು, ಅಷ್ಟೇ. ರಿಪೇರಿ ಮಾಡಿಸಲಿಲ್ಲ.

ಮುಂದೆ ಸತೀಶ ಅಪ್ಪನ ಮುದ್ರಣಾಲಯ ಸೇರಿದ, ನಾನು ಕಾಲೇಜಿನ ಚರ್ಚಾಕೂಟ ಸೇರಿದೆ. ತೊಂಬತ್ತರ ದಶಕದಲ್ಲಿ ನಾನು ಚರ್ಚಿಸದೆ ಬಿಟ್ಟ ವಿಷಯ ಈ ಭೂಮಿಯ ಮೇಲೆ ಉಳಿದಿರಲಾರದು. ಯಂತ್ರನಾಗರಿಕತೆ ವರವೇ ಶಾಪವೇ ಎಂಬ ವಿಷಯದಲ್ಲಿ ಬೆಳಿಗ್ಗೆ ಒಂದು ಕಾಲೇಜಿನಲ್ಲಿ ವರವೆಂದು ಗೆದ್ದು, ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ಶಾಪವೆಂದು ಗೆದ್ದು, ಸಂಜೆ ಎರಡೂ ಟ್ರೋಫಿ ಹಿಡಿದು ಬಸ್ಸಿನಲ್ಲಿ ಬರುವಾಗ ಯಂತ್ರನಾಗರಿಕತೆಯ ಬಗ್ಗೆ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆದರೆ ಒಂದು ನಂಬಿಕೆ ಮಾತ್ರ ಗಟ್ಟಿಯಾಗಿತ್ತು: ಸರಿಯಾದ ಜಾಗದಲ್ಲಿ ಒಂದು 'ಆದರೆ' ಇಟ್ಟರೆ ಸಮಾಜವನ್ನು ತಿದ್ದಬಹುದು. ಕನ್ನಡ ಶಾಲೆಗಳನ್ನು ಉಳಿಸಲು ನಾವು ಕೆಲವರು ಒಂದು ಬಳಗ ಕಟ್ಟಿಕೊಂಡೆವು. ಅದರ ಮನವಿಪತ್ರಗಳನ್ನು ನಾನು ಬರೆಯುತ್ತಿದ್ದೆ, ಸತೀಶ ಅಚ್ಚುಹಾಕುತ್ತಿದ್ದ, ಮತ್ತು ಅವನೊಬ್ಬನೇ ಓದುತ್ತಿದ್ದ, ಪ್ರೂಫ್ ತಿದ್ದುವ ಅನಿವಾರ್ಯಕ್ಕೆ.

ಹೊಸ ಶತಮಾನ ಬಂದ ಕೆಲವು ವರ್ಷಗಳಿಗೆ, ಒಂದು ಸಂಜೆ ಶಂಕರಪುರಂನ ಹೂವಿನಂಗಡಿಯ ಮುಂದೆ ವಿಮಲಾ ಮಿಸ್ ಸಿಕ್ಕರು. ನಿವೃತ್ತಿಗೆ ಹತ್ತಿರವಾಗಿದ್ದರೂ ಅದೇ ಶಾಲೆಯ ಒಂದನೇ ತರಗತಿ ಅವರದೇ. ಸೆಕೆಯಲ್ಲೂ ಕತ್ತಿನ ಸುತ್ತ ಸೆರಗು ಬಿಗಿಯಾಗಿ ಹೊದ್ದಿದ್ದರು.

"ಗಂಟಲಲ್ಲಿ ಗಂಟಂತೆ ಕಣೋ. ತೆಗೀಬೇಕಂತೆ," ಎಂದರು, ಹೂವಿನವಳ ಮೊಳ ಅಳೆಯುವ ಕೈಯಿಂದ ಕಣ್ಣು ತೆಗೆಯದೆ. "ದನಿಯ ನರ ಅದರ ಪಕ್ಕದಲ್ಲೇ ಹೋಗುತ್ತಂತೆ. ಆಮೇಲೆ ದನಿ ಹೀಗೇ ಇರುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರು."

"ಏನೂ ಆಗಲ್ಲ ಬಿಡಿ ಮಿಸ್."

"ಡಾಕ್ಟರೇ ಹೇಳದೇ ಇರೋದನ್ನ ನೀನ್ ಹೇಳ್ತೀಯಲ್ಲೋ, ಚರ್ಚಾಸ್ಪರ್ಧೇಲಿ ಟ್ರೋಫಿ ತಗೊಂಡಿದ್ದು ಸಾರ್ಥಕ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಂಗೆ ಆಪರೇಷನ್ ಭಯ ಇಲ್ಲ. ಮಕ್ಕಳಿಗೆ ಒತ್ತಕ್ಷರ ಅರ್ಧಕ್ಕೆ ನಿಂತಿದೆ. ಸತೀಶ ಅದೇನೋ ರೆಕಾರ್ಡಿಂಗ್ ಮಾಡ್ತಾನಂತಲ್ಲ, ನನ್ನ ಹಾಡು ಹಿಡಿದು ಕೊಡ್ತೀರಾ? ನಾನು ವಾಪಸ್ ಬರೋವರೆಗೂ ಮಕ್ಕಳು ಅದನ್ನ ಹಾಕ್ಕೊಂಡು ಹಾಡ್ಲಿ. ಬಂದಮೇಲೂ ದನಿ ಇಲ್ದಿದ್ರೆ..." ಎಂದು ಹೂವಿನ ಪೊಟ್ಟಣ ತೆಗೆದುಕೊಂಡರು.

ಸತೀಶನ ಸ್ಟುಡಿಯೋ ಎಂದರೆ ಚಾಮರಾಜಪೇಟೆಯಲ್ಲಿ ಮದುವೆ ಕಾರ್ಡು ಅಚ್ಚುಹಾಕುವ ಅವನ ಮುದ್ರಣಾಲಯದ ಮೇಲಿನ ಕೋಣೆ. ಗೋಡೆಗೆ ಹಳೆಯ ಹಾಸಿಗೆಗಳನ್ನು ಆನಿಸಿದ್ದ. ಕೆಳಗೆ ಅಚ್ಚಿನ ಯಂತ್ರ ನಿಂತಾಗ, ಮಸೀದಿಯ ಆಜಾನೂ ಗುಡಿಯ ಮಂಗಳಾರತಿಯೂ ಮುಗಿದಾಗ, ಪಕ್ಕದ ಮನೆಯ ಕುಕ್ಕರು ಕೂಗದಿದ್ದಾಗ ಮೈಕು ತೆರೆಯಬೇಕು. ಅಂಥ ಒಂದು ಮಧ್ಯಾಹ್ನ ಮಿಸ್ ಬಂದು, ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಒಂದಾದ ಮೇಲೊಂದು ಹಾಡಿ, ನೀರು ಕುಡಿದು ಹೋದರು. ದನಿಯನ್ನು ಹಿಡಿದಾಯಿತು. ಅದನ್ನು ಏನು ಮಾಡಬೇಕೆಂಬ ಪ್ರಶ್ನೆ ಆಮೇಲೆ ಎದ್ದದ್ದು.

ಸತೀಶನ ಕಂಪ್ಯೂಟರಿನಲ್ಲಿ ಪ್ಲಗಿನ್‌ಗಳಿದ್ದವು; ನಮ್ಮ ಬಾಲ್ಕನಿಯ ಆ ಸಿ.ಡಿ.ಯಲ್ಲಿ ಅವನು ತುಂಬಿಟ್ಟದ್ದು ಇವನ್ನೇ. ಪ್ಲಗಿನ್ ಎಂದರೆ ಒಂದು ಸಾಫ್ಟ್‌ವೇರಿಗೆ ಹೊರಗಿನಿಂದ ಸಿಕ್ಕಿಸುವ ಇನ್ನೊಂದು ಸಾಫ್ಟ್‌ವೇರು, ಹೊಲಿಗೆ ಯಂತ್ರಕ್ಕೆ ಬೇರೆ ಬೇರೆ ಪಾದ ಸಿಕ್ಕಿಸಿದ ಹಾಗೆ. ಕೆಲವು ದನಿಯನ್ನು ಮಾರ್ಪಡಿಸುತ್ತವೆ, ಕೆಲವು ತಾವೇ ವಾದ್ಯಗಳಾಗಿ ನುಡಿಯುತ್ತವೆ. ಪರದೆಯ ಮೇಲೆ ಆ ಪಟ್ಟಿ ಇಳಿದೇ ಇಳಿಯಿತು. ಬೇಕಾದ್ದು ಒಂದು ಕೊಳಲು, ಇದ್ದದ್ದು ಊರ ತುಂಬ ಕೊಳಲು. ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಹಸಿದು ನಿಂತವನ ಗತಿ ನಮ್ಮದಾಯಿತು: ಹೋಳಿಗೆಯೋ, ಅವರೆಬೇಳೆ ದೋಸೆಯೋ, ಪಡ್ಡೋ ಎಂದು ಯೋಚಿಸುತ್ತ ಬೀದಿಯ ಕೊನೆ ತಲುಪಿ, ಖಾಲಿ ಹೊಟ್ಟೆಯಲ್ಲಿ ಮತ್ತೆ ಮೊದಲಿನಿಂದ ನಡೆಯುವುದು.

ಒಂದು ಕೊಳಲನ್ನು ಒತ್ತಿದ. ಇಂಪಾಗಿತ್ತು. "ಇದನ್ನ ಯಾರು ಊದಿದ್ದು?" ಎಂದು ಕೇಳಿದೆ.

"ಯಾರೋ ಫಾರಿನ್‌ನವನು. ಒಂದೊಂದೇ ಸ್ವರ ಊದಿಸಿ ರೆಕಾರ್ಡ್ ಮಾಡ್ಕೊಂಡಿರ್ತಾರೆ. ನಾವು ಒತ್ತಿದ ಹಾಗೆ ಜೋಡಿಸ್ಕೊಳುತ್ತೆ."

ಆ ಮನುಷ್ಯ ನನ್ನನ್ನು ಬಹಳ ಹೊತ್ತು ಕಾಡಿದ. ಎಲ್ಲಿಯೋ ಒಂದು ಚಳಿಯ ದೇಶದಲ್ಲಿ ಅವನು ಸ ಊದಿ, ರಿ ಊದಿ, ಸಂಭಾವನೆ ಪಡೆದು ಮನೆಗೆ ಹೋಗಿರುತ್ತಾನೆ. ಅವನಿಗರಿವಿಲ್ಲದೆ ಅವನ ಉಸಿರು ಚಾಮರಾಜಪೇಟೆಗೆ ಬಂದು "ಅಕ್ಕನ ಕಾಲಿಗೆ ಕಾ ಒತ್ತು" ನುಡಿಸುತ್ತಿದೆ. ಇದು ಮಾನವಕುಲದ ಐಕ್ಯವೋ, ಬಿಟ್ಟಿ ಚಾಕರಿಯೋ? ನಾನು ಎರಡು ಪಕ್ಷವನ್ನೂ ಸಾಕಷ್ಟು ಸಮರ್ಥವಾಗಿ ಮಂಡಿಸಿದೆ.

"ಅಧ್ಯಕ್ಷರೇ, ನಿರ್ಣಾಯಕರೇ, ಗಂಟೆ ಆಯ್ತು," ಎಂದ ಸತೀಶ. "ಕೊಳಲು ಬೇಕೋ ಬೇಡ್ವೋ ಹೇಳು ಮಗಾ."

ಬೇಡವೆಂದೆ. ಯಂತ್ರದ ನೆರಳೂ ಸೋಕಬಾರದು, ಇದ್ದ ದನಿ ಇದ್ದಂತೆ ಹೋಗಲಿ, ಅದೇ ಸತ್ಯ ಎಂದು ವಾದಿಸಿದೆ. "ಸತ್ಯಾನಾ? ಕೇಳು," ಎಂದು ಅವನು ಬರೀ ದನಿಯನ್ನು ಕೇಳಿಸಿದ. ಸುತ್ತ ಹಾಸಿಗೆ ಆನಿಸಿದ ಕೋಣೆಯಲ್ಲಿ ಹಿಡಿದ ದನಿ ಬೀರುವಿನೊಳಗಿಂದ ಬಂದಂತಿತ್ತು. ನಮ್ಮ ಮಿಸ್ ಎಂದೂ ಹಾಗೆ ಕೇಳಿಸಿದವರಲ್ಲ. ಮುಟ್ಟದೆ ಬಿಟ್ಟದ್ದೆಲ್ಲ ಸತ್ಯವಾಗಿಬಿಡುವುದಿಲ್ಲವೆಂದು ನನಗೆ ಹೊಳೆದದ್ದು ಆಗ. ಒಂದು ದನಿ ನಿಜವಾಗಿ ಕೇಳಿಸಬೇಕಾದರೆ ಅದರ ಸುತ್ತ ಒಂದು ಜಾಗ ಬೇಕು. ಆ ಜಾಗವನ್ನು ಯಾರಾದರೂ ಆರಿಸಲೇಬೇಕು.

ಸತೀಶ ಹಾರ್ಮೋನಿಯಂ ತೆಗೆದ. ಬಹಳ ಶುಚಿಯಾದ, ಸ್ನಾನ ಮಾಡಿಸಿ ತಲೆಬಾಚಿ ನಿಲ್ಲಿಸಿದಂತಿದ್ದ ಹಾರ್ಮೋನಿಯಂ. ಪರದೆಯ ಮೂಲೆಯಲ್ಲಿ ಅದಕ್ಕೊಂದು ಗುಂಡಿಯಿತ್ತು, ತಿರುಗಿಸಿದರೆ ತಿದಿಯ ಸದ್ದು ಏರುತ್ತದೆ. ಇನ್ನೊಂದು ತಿರುಗಿಸಿದರೆ ಮರ ಕಿರುಗುಟ್ಟುತ್ತದೆ. ಕೊರತೆಯನ್ನೂ ಗುಂಡಿ ಮಾಡಿ ಮಾರುವ ಕಾಲ ಬಂತೆಂದು ನನಗೆ ಖೇದವಾಯಿತು. ಖೇದಪಡುತ್ತಲೇ, "ಇನ್ನೂ ಸ್ವಲ್ಪ ಜಾಸ್ತಿ ಮಾಡು," ಎಂದೆ.

ಮರುದಿನ ಮಿಸ್ ಕೇಳಲು ಬಂದರು. ಸತೀಶ ಆಗ ರೀವರ್ಬ್ ಎಂಬ ಪ್ಲಗಿನ್ನಿನಲ್ಲಿ ಮುಳುಗಿದ್ದ. ದನಿ ಎಂಥ ಜಾಗದಲ್ಲಿ ಮೊಳಗಬೇಕೆಂದು ಅದರಲ್ಲಿ ಆರಿಸಬೇಕು: ಸಣ್ಣ ಕೋಣೆ, ದೊಡ್ಡ ಸಭಾಂಗಣ, ಬಚ್ಚಲು, ಚರ್ಚು.

"ಯಾವ ಮನೆಗೆ ಹಾಕಿದೀಯಪ್ಪ?" ಎಂದು ಮಿಸ್ ಕೇಳಿದರು, ಶ್ರುತಿಯನ್ನು ಕುರಿತು.

ಸತೀಶ ಪರದೆಯಿಂದ ಕಣ್ಣೆತ್ತದೆ, "ಚರ್ಚಿಗೆ ಹಾಕಿದೀನಿ ಮಿಸ್," ಎಂದ.

ಮಿಸ್ ನನ್ನ ಮುಖ ನೋಡಿದರು. "ಈ ವಯಸ್ನಲ್ಲಿ?" ಎಂದರು.

ಅವನು ಗಡಬಡಿಸಿ ವಿವರಿಸಿದ. ಶ್ರುತಿಯ ವಿಷಯವನ್ನೂ ಹೇಳಿದ. ಮಿಸ್ಸಿನ ದನಿ ಈಚೆಗೆ ಮೂರು ಮನೆಗೆ ಇಳಿದಿತ್ತು, ಮಕ್ಕಳದು ಐದು. ಪ್ಲಗಿನ್ ಹಾಕಿದರೆ ಅವರ ದನಿಯನ್ನೂ ಐದಕ್ಕೆ ಏರಿಸಬಹುದು ಎಂದು ಏರಿಸಿ ತೋರಿಸಿದ. ಯಾರೋ ಪರಿಚಯವಿಲ್ಲದ ಕಿರಿಯ ಹೆಂಗಸು ನಮ್ಮ ಒತ್ತಕ್ಷರ ಹಾಡತೊಡಗಿದಳು.

"ಬೇಡಪ್ಪ, ಇರೋ ಮನೆ ಖಾಲಿ ಮಾಡಿಸ್ಬೇಡ," ಎಂದರು ಮಿಸ್. "ಮಕ್ಕಳು ಅವರ ಮನೇಲಿ ಹಾಡ್ತಾರೆ, ನಾನು ನನ್ನ ಮನೇಲಿ. ಅಕ್ಕಪಕ್ಕ ಇದೀವಲ್ಲ, ಸಾಕು. ಚರ್ಚಿಂದ ಮಾತ್ರ ಕರ್ಕೊಂಡ್ ಬಾ. ನಮ್ಮ ಶಾಲೆ ಜಗುಲಿಲಿ ಇಡೋಕೆ ಬರಲ್ವೇನೋ?"

ಶಾಲೆಯ ಜಗುಲಿ ಯಾವ ಪ್ಲಗಿನ್ನಿನ ಪಟ್ಟಿಯಲ್ಲೂ ಇರಲಿಲ್ಲ. ಆದರೆ ಉಪಾಯವಿದೆ ಎಂದ ಸತೀಶ. ಬೇಕಾದ ಜಾಗದಲ್ಲಿ ಒಂದು ಬಲೂನು ಒಡೆದು, ಆ ಢಬ್ ಎಂಬ ಸದ್ದು ಅಲ್ಲಿ ಹೇಗೆ ಮೊಳಗಿ ಅಡಗುತ್ತದೆಂದು ರೆಕಾರ್ಡ್ ಮಾಡಿಕೊಂಡು ಪ್ಲಗಿನ್ನಿಗೆ ತಿನ್ನಿಸಿದರೆ, ಮುಂದೆ ಯಾವ ದನಿಯನ್ನಾದರೂ ಅದು ಅದೇ ಜಾಗದಲ್ಲಿ ನಿಲ್ಲಿಸಿಬಿಡುತ್ತದಂತೆ. ಒಂದು ಕಟ್ಟಡದ ಆತ್ಮವನ್ನು ಹಿಡಿಯಲು ಹುಟ್ಟುಹಬ್ಬದ ಬಲೂನು ಸಾಕೆಂಬುದು ಯಾವ ದರ್ಶನದಲ್ಲೂ ನಾನು ಓದಿರದ ಸಂಗತಿ.

ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ನಾವಿಬ್ಬರು ಕೆಂಪು ಬಲೂನುಗಳನ್ನು ಹಿಡಿದು, ತಗಡಿನ ಸೂರಿನ ಆ ಜಗುಲಿಗೆ ಹೋದೆವು. ಶಾಲೆಯ ವೇಳೆಯಲ್ಲಿ ಬಲೂನು ಹಿಡಿದು ಹೋಗಬಾರದೆಂಬ ಸರಳ ವಿವೇಕ ಇಬ್ಬರಿಗೂ ಇರಲಿಲ್ಲ. ಮೊದಲನೆಯದು ಒಡೆದ ಕೂಡಲೇ ಎಲ್ಲ ತರಗತಿಗಳಿಂದ "ಓ!" ಎಂದಿತು. ಎರಡನೆಯದಕ್ಕೆ ಮಕ್ಕಳೇ ಹೊರಗೆ ಬಂದರು. ಆಮೇಲೆ ಬಲೂನುಗಳು ನಮ್ಮ ಕೈಯಲ್ಲಿ ಉಳಿಯಲಿಲ್ಲ. "ಸ್ವಾಮಿ, ದಯವಿಟ್ಟು ನೀವಿಬ್ರೂ ಮನೆಗೆ ಹೋಗಿ," ಎಂದು ಮುಖ್ಯೋಪಾಧ್ಯಾಯರು ಕೈ ಮುಗಿದರು. ಆ ಸದ್ದನ್ನು ಪ್ಲಗಿನ್ನಿಗೆ ತಿನ್ನಿಸಿದಾಗ ಮಿಸ್ಸಿನ ಒಂದೊಂದು ಅಕ್ಷರದ ಹಿಂದೆಯೂ ಜಾತ್ರೆಯೊಂದು ಗುಂಯ್‌ಗುಟ್ಟಿತು.

ಸತೀಶನಿಗೆ ಅವಮಾನವಾಯಿತು. ಜಗುಲಿಯನ್ನು ಕೈಬಿಟ್ಟು, 'ಸಣ್ಣ ಕೋಣೆ'ಯನ್ನು ಆರಿಸಿ, ಒಂದು ಪಿಸುದನಿಯೂ ಉಳಿಯಬಾರದೆಂಬ ಹಟದಿಂದ ಗದ್ದಲ ತೆಗೆಯುವ ಪ್ಲಗಿನ್ ಹಾಕಿ ಇಡೀ ಹಾಡುಗಳನ್ನು ಗುಡಿಸಿದ. ಉಸಿರು, ಗಂಟಲು ಸರಿಮಾಡಿಕೊಂಡದ್ದು, ಸಾಲಿನ ಕೊನೆಯ ಗೊಣಗು, ಎಲ್ಲ ಹೋಯಿತು. ಸಾಲುಗಳ ನಡುವೆ ಬಿದ್ದ ಖಾಲಿ ಜಾಗ ಅಸಹಜವೆನಿಸಿ ಅಲ್ಲಿ ಒಂದು ಕೋರಸ್ ಕೂಡಿಸಿದ. ಸಾಫ್ಟ್‌ವೇರಿನ ಕೋರಸ್ಸಿಗೆ ಕನ್ನಡ ಬಾರದು, ಅದು 'ಆ' ಮತ್ತು 'ಊ' ಮಾತ್ರ ಬಲ್ಲದು. ಆದರೂ ಕೇಳಲು ಭವ್ಯವಾಗಿತ್ತು. ನಾನು ತಲೆದೂಗಿದೆ.

ಆಸ್ಪತ್ರೆಗೆ ಸೇರುವ ಮುನ್ನ ಮಿಸ್ ಕೊನೆಯ ಸಲ ಕೇಳಲು ಬಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಒಂದೊಂದು ಸಾಲು ಮುಗಿದಾಗಲೂ ಹುಬ್ಬು ಗಂಟಾಗುತ್ತಿತ್ತು, ಮೆಟ್ಟಿಲಿರಬೇಕಾದಲ್ಲಿ ಮೆಟ್ಟಿಲಿಲ್ಲದೆ ಕಾಲು ಜಾರಿದವರಂತೆ. ಕೊನೆಗೆ ಹೆಡ್‌ಫೋನ್ ತೆಗೆದು, "ನನ್ನ 'ಹೂಂ' ಎಲ್ಲೋ?" ಎಂದರು.

"ಯಾವ ಹೂಂ ಮಿಸ್?"

"ಸಾಲು ಆದ್ಮೇಲೆ ಹೂಂ ಅಂತೀನಲ್ಲ. ಹೂಂ ಅಂದ್ರೇ ತಾನೇ ಅವರು ಬಾಯಿ ತೆಗೆಯೋದು? ನೀವೂ ಹಂಗೇ ತೆಗೀತಿದ್ರಿ."

ಸತೀಶ ಕೆನ್ನೆ ಕೆರೆದುಕೊಂಡ. ನಾವು ಕಸವೆಂದು ಗುಡಿಸಿದ ಆ ಗೊಣಗು ಅಪ್ಪಣೆಯಾಗಿತ್ತು. ಅದೊಂದು ಇಲ್ಲದೆ ಒಂದನೇ ತರಗತಿ ಬಾಯಿ ಬಿಡದು.

"ಮತ್ತೆ ಮಧ್ಯೆ ಊ ಊ ಅನ್ನೋರು ಯಾರು?"

"ಅದು ಕೋರಸ್ ಮಿಸ್. ಸಾಫ್ಟ್‌ವೇರ್ ಮಕ್ಕಳು."

"ಇವರೇ ಹಾಡಿಬಿಟ್ರೆ ನನ್ನ ಮಕ್ಕಳು ಏನ್ ಮಾಡ್ಬೇಕು, ಬೆಂಚು ಕಾಯ್ಬೇಕಾ?"

ನಾನು ಕೋರಸ್ಸಿನ ಪರವಾಗಿ ನಿಂತೆ. ಜಾಗ ಖಾಲಿ ಬಿಟ್ಟರೆ ಕೇಳುವವರು ಸಿ.ಡಿ. ಕೆಟ್ಟಿದೆ ಎಂದುಕೊಂಡಾರು ಎಂದೆ. ಮಿಸ್ ನನ್ನ ವಾದವನ್ನು ಪೂರ್ತಿಯಾಗಿ, ಗೌರವದಿಂದ ಕೇಳಿದರು. ಆಮೇಲೆ, "ಕೇಳೋರಿಗೆ ಅಲ್ಲ ಕಣೋ ಇದು, ಹಾಡೋರಿಗೆ," ಎಂದರು.

ಚರ್ಚಾಸ್ಪರ್ಧೆಯಲ್ಲಿ ಮೌನವೆಂದರೆ ಸೋಲು. ಎದುರಾಳಿ ಒಂದು ಕ್ಷಣ ತಡೆದರೆ ಅಲ್ಲಿ ನುಗ್ಗಬೇಕೆಂದು ನಮಗೆ ಕಲಿಸಿದ್ದರು. ನನ್ನ ಮನವಿಪತ್ರಗಳಲ್ಲೂ ಮಗ್ಗುಲು ಬದಲಿಸಲು ಯಾರಿಗೂ ಎಡೆಯಿರಲಿಲ್ಲ, ಅಲ್ಪವಿರಾಮಗಳ ನಡುವೆಯೂ ನಾನೇ ಕೂತಿರುತ್ತಿದ್ದೆ. ಇನ್ನೊಬ್ಬರಿಗೆಂದು ಜಾಗ ಅಳೆದು ಬಿಡುವುದೂ ಒಂದು ವಿದ್ಯೆಯೆಂಬುದನ್ನು, ಸತೀಶ ಪರದೆಯ ಮೇಲೆ ಆ ಕೋರಸ್ಸನ್ನು ಒಂದೊಂದಾಗಿ ಅಳಿಸುವಾಗ ನೋಡುತ್ತ ಕೂತೆ. 'ಹೂಂ'ಗಳು ಒಂದೊಂದಾಗಿ ಮರಳಿದವು. ಕಿರುಗುಟ್ಟುವ ಹಾರ್ಮೋನಿಯಮ್ಮೂ 'ಸಣ್ಣ ಕೋಣೆ'ಯೂ ಉಳಿದವು. ಉಳಿದ ಪ್ಲಗಿನ್‌ಗಳೆಲ್ಲ ಪಟ್ಟಿಯಲ್ಲೇ ಉಳಿದವು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಗಂಟು ಹೋಯಿತು, ಜೀವಕ್ಕೆ ಭಯವಿಲ್ಲ. ಆದರೆ ದನಿ ಮೊದಲಿನಂತೆ ಬರಲಿಲ್ಲ. ಕೆಳಗಿಳಿದು, ಒರಟಾಗಿ, ನಡುನಡುವೆ ಬಿರಿಯುತ್ತಿತ್ತು. ನೋಡಲು ಹೋದಾಗ ಅವರು "ಕಾಫಿ ಕುಡೀರಿ" ಎಂದರೆ ನಾನೂ ಸತೀಶನೂ ಒಬ್ಬರ ಮುಖ ಒಬ್ಬರು ನೋಡದಿರಲು ಬಹಳ ಪ್ರಯತ್ನಪಟ್ಟೆವು. ಶಾಲೆಯಲ್ಲಿ ಸಿ.ಡಿ. ಮಾತ್ರ ಚೆನ್ನಾಗಿ ನಡೆಯಿತು. ಹೂಂ ಎಂದಾಗ ಮಕ್ಕಳು ಹಾಡುತ್ತಿದ್ದರು. ನಾವು ದನಿಯನ್ನು ಉಳಿಸಿದೆವೆಂದು ನಾನು ಬಳಗದ ಸಭೆಯಲ್ಲಿ ಸಣ್ಣದೊಂದು ಭಾಷಣವನ್ನೂ ಮಾಡಿದೆ.

ಕೆಲಸಕ್ಕೆ ಮರಳಿದ ಮಿಸ್ ಮುಂದಿನ ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಸತೀಶನ ಮೆಟ್ಟಿಲು ಹತ್ತಿ ಬಂದರು. ಉಸಿರು ಸುಧಾರಿಸಿಕೊಂಡು, "ಮೈಕ್ ಹಾಕೋ," ಎಂದರು.

ಸತೀಶ ಅಂಜುತ್ತ, "ಮಿಸ್, ಸುಮ್ನೆ ಗಂಟಲಿಗೆ ತ್ರಾಸ ಯಾಕೆ? ನಿಮ್ಮ ಮೊದಲಿನ ದನಿ ನನ್ನ ಹತ್ರ ಬೇಕಾದಷ್ಟಿದೆ. ಅದನ್ನೇ ಅಕ್ಷರ ಅಕ್ಷರ ಕತ್ತರಿಸಿ ಹೊಸ ಹಾಡು ಕೂಡಿಸಿಕೊಡ್ತೀನಿ. ಅದಕ್ಕೂ ಪ್ಲಗಿನ್ ಬಂದಿದೆ," ಎಂದ.

"ಹಳೇ ಸೀರೆ ಕತ್ತರಿಸಿ ಕೌದಿ ಹೊಲಿಯೋಕೆ ನಾನಿನ್ನೂ ಸತ್ತಿಲ್ಲ ಕಣೋ."

ಸ್ಟೂಲಿನ ಮೇಲೆ ಕೂತರು. "ಈ ವರ್ಷ ಬಂದ ಮಕ್ಕಳಿಗೆ ನನ್ನ ಈ ದನಿ ಒಂದೇ ಗೊತ್ತು. ಮೊನ್ನೆ ಸಿ.ಡಿ. ಹಾಕಿದ್ದೆ. ಒಂದು ಹುಡುಗಿ ಬಂದು, 'ಇದರಲ್ಲಿ ಹಾಡೋ ಮಿಸ್ ಯಾವಾಗ ಬರ್ತಾರೆ ಮಿಸ್' ಅಂತ ಕೇಳಿದ್ಲು."

ಸತೀಶ ಮೈಕಿನ ತಂತಿಯನ್ನು ಬೆರಳಿಗೆ ಸುತ್ತತೊಡಗಿದ.

"ಅವರು ಬರಲ್ಲ ಕಣಮ್ಮ, ನಾನೇ ಇರೋದು ಅಂದೆ," ಎಂದರು ಮಿಸ್. "ಪೆಚ್ಚಾದ್ಲು ಪಾಪ. ಅದಕ್ಕೇ ಬಂದೆ. ಈಗ ಇರೋಳನ್ನೂ ಹಿಡಿದಿಡು. ಒಂದು ಕರಡಿ ಹಾಡು ಕಟ್ಟಿ ಎಷ್ಟೋ ವರ್ಷ ಆಯ್ತು. ಆ ಹಳೇ ದನೀಲಿ ಹಾಡಿದ್ರೆ ಕರಡಿ ಸಂಗೀತದ ಕ್ಲಾಸಿಗೆ ಹೋಗಿ ಬಂದ ಹಾಗಿರ್ತಿತ್ತು, ಅದಕ್ಕೆ ಯಾರಿಗೂ ಹೇಳಿಕೊಟ್ಟಿರ್ಲಿಲ್ಲ."

ಸತೀಶ ಮೈಕು ತೆರೆದ. ಅಭ್ಯಾಸಬಲದಿಂದ ಅವನ ಕೈ ಪ್ಲಗಿನ್‌ಗಳ ಪಟ್ಟಿಯ ಕಡೆ ಹೋಗಿ, ಅಲ್ಲಿಯೇ ತಡೆದು, ಹಿಂದಕ್ಕೆ ಬಂದು ತೊಡೆಯ ಮೇಲೆ ಕೂತಿತು. ಮಿಸ್ ಬೆನ್ನು ನೆಟ್ಟಗೆ ಮಾಡಿ, ಕಣ್ಣು ದೊಡ್ಡದು ಮಾಡಿ, ಆ ಬಿರಿದ ದನಿಯನ್ನು ತಳದಿಂದ ಎತ್ತಿಕೊಂಡು ಶುರುಮಾಡಿದರು:

"ಯಾರೋ ನನ್ನ ಜೇನು ಕದ್ದೋರು?
ಬಾಯಿ ತೆಗೀರಿ, ಮೂಸಿ ನೋಡ್ತೀನಿ!"

ನನ್ನ ಮೈ ನಿಜವಾಗಿಯೂ ಜುಮ್ಮೆಂದಿತು. ಸತೀಶ ಕೈಯಿಂದ ಬಾಯಿ ಮುಚ್ಚಿಕೊಂಡ, ನಗುವಿಗೋ ಇನ್ನಾವುದಕ್ಕೋ ತಿಳಿಯಲಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ದನಿ ಪೂರ್ತಿ ಒಡೆದು ಕೆಮ್ಮು ಬಂತು. ನಾನು ಗಾಬರಿಯಿಂದ ನೀರು ಕೊಟ್ಟೆ. "ಚೆನ್ನಾಗೇ ಬಂತು ಮಿಸ್, ಸಾಕು, ಇಷ್ಟೇ ಇರಲಿ," ಎಂದೆ.

ಅವರು ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಮೈಕನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದ್ ಸಲ ತಗೋ ಸತೀಶ. ಕರಡಿಗೆ ಇನ್ನೂ ಸಿಟ್ಟು ಬಂದಿಲ್ಲ."